ಅಡ್ಡಹೆಸರೇನ್ರಿ?

ಆರ್.ಟಿ. ನಗರದ ಒಂದು ಅಡ್ಡರಸ್ತೆ. ಕೆಳಗೆ ಮನೆ ಮಾಲೀಕರು, ಮೊದಲ ಮಹಡಿಯಲ್ಲಿ ಬಾಡಿಗೆಯವರು, ಅವರ ತಲೆಯ ಮೇಲೆ ಎರಡು ಕಪ್ಪು ನೀರಿನ ಟ್ಯಾಂಕು. ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದ ಕುಟುಂಬ ಹಾಲು ಉಕ್ಕಿಸಿ ಎರಡು ದಿನವಾಗಿತ್ತಷ್ಟೆ. ಹನ್ನೊಂದು ತಿಂಗಳ ಕರಾರುಪತ್ರ ತುಂಬಲು ಕೂತ ಬಾಡಿಗೆದಾರರು ಪೆನ್ನಿನ ಮುಚ್ಚಳ ತೆಗೆದು, ಧಾರವಾಡದ ಪೇಢೆಯಷ್ಟು ಮೆತ್ತಗೆ, "ಸರ, ನಿಮ್ಮ ಅಡ್ಡಹೆಸರು ಏನ್ರಿ?" ಅಂದರು.

ಮಾಲೀಕರು ನಿವೃತ್ತ ಅಧಿಕಾರಿ. ಹೆಸರಿನ ಮುಂದೆ ಎರಡು ಇನಿಷಿಯಲ್ಲು, ಹಿಂದೆ ಒಂದು ಡಿಗ್ರಿ. ಇವೆರಡರ ನಡುವಿನದನ್ನು ಬಿಟ್ಟು ಬೇರೆ ಯಾವುದರಿಂದಲಾದರೂ ಜನ ತಮ್ಮನ್ನು ಕರೆಯಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. "ಏನ್ ಸ್ವಾಮಿ, ನೋಡೋಕೆ ಸಭ್ಯಸ್ಥರ ಥರ ಇದೀರಿ, ಬಂದು ಎರಡು ದಿನಕ್ಕೇ ಅಡ್ಡಹೆಸರು ಕೇಳ್ತೀರಲ್ಲ? ನನಗೆ ಯಾವ ಅಡ್ಡಹೆಸರೂ ಇಲ್ಲ!" ಅಂದುಬಿಟ್ಟರು.

ಬಾಡಿಗೆದಾರರು ಹೆಂಡತಿಯ ಮುಖ ನೋಡಿದರು. "ಅಡ್ಡಹೆಸರ ಇಲ್ದ ಮನಿತನ ಇರತೈತೇನ್ರಿ?"

ಇಬ್ಬರದೂ ತಪ್ಪಿಲ್ಲ. ತಪ್ಪು ಕನ್ನಡದ್ದು. ತುಂಗಭದ್ರೆಯ ಆಚೆ ಅಡ್ಡಹೆಸರು ಅಂದರೆ ಮನೆತನದ ಹೆಸರು. ಪಾಟೀಲ, ಕುಲಕರ್ಣಿ, ಹಿರೇಮಠ, ಬಡಿಗೇರ. ಮರಾಠಿಯ 'ಆಡನಾವ್' ಅದರ ಅಣ್ಣನೋ ತಮ್ಮನೋ ಆಗಬೇಕು. ಈಚೆ ದಂಡೆಗೆ ಬರುತ್ತಿದ್ದಂತೆ ಅದೇ ಮಾತಿಗೆ ಬಾಲ ಬೆಳೆಯುತ್ತದೆ: ಕುಳ್ಳ, ಬೋಡ, ದಡಿಯ, ಗೂಬೆ. ಅಲ್ಲಿ ಅಡ್ಡಹೆಸರು ಬಾಗಿಲ ಮೇಲಿನ ಫಲಕದಲ್ಲಿರುತ್ತದೆ, ಇಲ್ಲಿ ಬೆನ್ನ ಹಿಂದೆ. ಒಂದೇ ರಾಜ್ಯ, ಒಂದೇ ಭಾಷೆ, 1956ರಲ್ಲಿ ಏಕೀಕರಣವೂ ಆಗಿದೆ. ಈ ಒಂದು ಪದ ಮಾತ್ರ ಇನ್ನೂ ಮುಂಬೈ ಪ್ರಾಂತ್ಯ ಒಂದು ಕಡೆ, ಮೈಸೂರು ಸಂಸ್ಥಾನ ಒಂದು ಕಡೆ ಎಂದು ಕೂತಿದೆ.

ಸ್ವಲ್ಪ ಕೆದಕಿ ನೋಡಿದರೆ ಎರಡು ಅರ್ಥಗಳ ನಡುವಿನ ಗೋಡೆ ತೆಳುವೇ. ಇವತ್ತು ಫಲಕದ ಮೇಲಿರುವುದು ಒಂದು ಕಾಲದಲ್ಲಿ ಬೆನ್ನ ಹಿಂದೆ ಇದ್ದದ್ದೇ.

ಮೇಲಿನ ಮಹಡಿಯವರ ಅಡ್ಡಹೆಸರು ಒಂದು ತರಕಾರಿಯದು. ಯಾವ ತರಕಾರಿ ಎಂದು ಬರೆದರೆ ಬೀದಿಯವರಿಗೆ ಗುರುತು ಹತ್ತುತ್ತದೆ, ಬೇಡ. ಆದರೆ ಉತ್ತರ ಕರ್ನಾಟಕದ ಹಾಜರಿ ಪುಸ್ತಕ ಒಂದನ್ನು ತೆರೆದರೆ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದಂತೆಯೇ: ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಸಕ್ಕರಿ, ಉಪ್ಪಿನ, ತುಪ್ಪದ, ಮಜ್ಜಗಿ. ಗದುಗಿನಲ್ಲಿ ಚಿತ್ರಕಲೆಯ ಶಾಲೆ ಕಟ್ಟಿದ ಹಿರಿಯ ಕಲಾವಿದರು ಟಿ.ಪಿ. ಅಕ್ಕಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಹುಬ್ಬಳ್ಳಿ-ಧಾರವಾಡ ಕೇಂದ್ರ ಕ್ಷೇತ್ರದ ಫಲಿತಾಂಶವನ್ನು ಬೆಂಗಳೂರಿನ ಮಕ್ಕಳು ಟೀವಿಯಲ್ಲಿ ನೋಡಿ ಬಿದ್ದು ಬಿದ್ದು ನಕ್ಕರು: ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ ಅವರನ್ನು ಮಹೇಶ ಟೆಂಗಿನಕಾಯಿ 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದರು. ತೆಂಗಿನಕಾಯಿಯ ಮುಂದೆ ಅಂಗಡಿಯ ಯಜಮಾನ ಸೋಲುವುದು ಯಾವ ಸಂತೆಯಲ್ಲೂ ಆಗದ ಮಾತು. ಹುಬ್ಬಳ್ಳಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಕರಡಿ ಸಂಗಣ್ಣ ಕೊಪ್ಪಳದಿಂದ ಎರಡು ಸಲ ಲೋಕಸಭೆಗೆ ಹೋದಾಗಲೂ, ಉಮೇಶ ಕತ್ತಿ ಮಂತ್ರಿಯಾದಾಗಲೂ ಅಲ್ಲಿನವರು ನಕ್ಕಿರಲಿಲ್ಲ. ಕಿವಿಗೆ ರೂಢಿಯಾದ ಮೇಲೆ ಕರಡಿ ಕೂಡ ಒಂದು ಮನೆತನವೇ.

ಇವುಗಳಲ್ಲಿ ಒಂದೊಂದರ ಹಿಂದೆಯೂ ಯಾರೋ ಒಬ್ಬ ಮುತ್ತಾತ ನಿಂತಿರಬೇಕು. ಸಂತೆಯಲ್ಲಿ ಮೆಣಸಿನಕಾಯಿ ಮಾರಿದನೋ, ಮೆಣಸಿನಕಾಯಿಯಂಥ ಸಿಟ್ಟಿನವನೋ, ಒಮ್ಮೆ ಪಂಥ ಕಟ್ಟಿ ಹತ್ತು ಮೆಣಸಿನಕಾಯಿ ತಿಂದು ಊರಿಗೆಲ್ಲ ಮಾತಾದನೋ, ಮೊಮ್ಮಕ್ಕಳಿಗೆ ಗೊತ್ತಿಲ್ಲ. ಬ್ರಿಟಿಷರ ದಫ್ತರಿಗೆ ಹೆಸರು ಬರೆಸುವ ದಿನ ಕರಣಿಕ "ಯಾವ ಬಸಪ್ಪ?" ಎಂದು ಕೇಳಿರುತ್ತಾನೆ. ಊರಲ್ಲಿ ಬಸಪ್ಪಗಳು ಹನ್ನೊಂದು. ಪಕ್ಕದಲ್ಲಿದ್ದವನು "ಅದ ಮೆಣಸಿನಕಾಯಿ ಬಸಪ್ಪ್ರೀ" ಅಂದಿರುತ್ತಾನೆ. ಲೇಖನಿ ಓಡಿತು, ಮಸಿ ಆರಿತು, ಮನೆತನ ಶುರುವಾಯಿತು. ಇದಕ್ಕೆ ದಾಖಲೆ ಕೇಳಬಾರದು. ಹೀಗಲ್ಲದೆ ಇನ್ನು ಹೇಗೆ ಆಗಿರಲು ಸಾಧ್ಯ ಎಂದು ಕೇಳಬಹುದು.

ಹಳೇ ಮೈಸೂರಿನವರು ಈ ಬಲೆಗೆ ಬೀಳಲಿಲ್ಲ. ಊರಿನ ಒಂದಕ್ಷರ, ಅಪ್ಪನ ಒಂದಕ್ಷರ ಹಾಕಿ ಕೈತೊಳೆದುಕೊಂಡರು. ಅದಕ್ಕೆ ತೆರಬೇಕಾದ ದಂಡವನ್ನು ಅವರ ಮಕ್ಕಳು ಪಾಸ್‌ಪೋರ್ಟ್ ಅರ್ಜಿಯ ಮುಂದೆ ಕೂತು ತೆರುತ್ತಿದ್ದಾರೆ. 'ಸರ್‌ನೇಮ್' ಎಂಬ ಖಾನೆ ಖಾಲಿ ಬಿಡುವುದು ಬೇಡ ಎಂದು ಅಪ್ಪನ ಹೆಸರನ್ನೇ ತುಂಬಿದ ಹುಡುಗ ಅಮೆರಿಕದಲ್ಲಿ ಇಳಿದ ಕ್ಷಣದಿಂದ ಎಲ್ಲರೂ ಅವನನ್ನು 'ಮಿಸ್ಟರ್ ರಾಮಯ್ಯ' ಎಂದು ಕರೆಯುತ್ತಾರೆ. ಪ್ರತಿ ಸಲವೂ ಅವನು ಅಪ್ಪ ಬಂದರೇನೋ ಎಂದು ಒಮ್ಮೆ ಹಿಂದೆ ತಿರುಗಿ ನೋಡುತ್ತಾನೆ.

ಹಾಗೆ ನೋಡಿದರೆ ಉತ್ತರದ ಅಡ್ಡಹೆಸರು ಆರ್.ಟಿ. ನಗರಕ್ಕೆ ಹೊಸದೇನಲ್ಲ. 2021ರ ಜುಲೈಯಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದಾಗ ಟೀವಿಯವರ ವಾಹನಗಳೆಲ್ಲ ಬಂದು ನಿಂತದ್ದು ಇಲ್ಲಿನ ಅವರ ಮನೆಯ ಮುಂದೆಯೇ. ಅವರ ತಂದೆ ಎಸ್.ಆರ್. ಬೊಮ್ಮಾಯಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ಕೊಟ್ಟ ತೀರ್ಪನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ 'ಬೊಮ್ಮಾಯಿ ಕೇಸು' ಎಂದೇ ಓದುತ್ತಾರೆ. ಸೋಮಪ್ಪ ಎಂಬ ಸ್ವಂತ ಹೆಸರು ಇನಿಷಿಯಲ್ಲಿನೊಳಗೆ ಹೋಗಿ ಕೂತಿತು, ಅಡ್ಡಹೆಸರು ಸಂವಿಧಾನದ ಪಾಠವಾಯಿತು. ಕೆಳಮನೆಯ ಮಾಲೀಕರು ಆಗ ಬಂದೋಬಸ್ತಿನ ಪೊಲೀಸರಿಗೆ ಮಜ್ಜಿಗೆ ಕೊಟ್ಟವರು. 'ಬೊಮ್ಮಾಯಿ' ಅಡ್ಡಹೆಸರು ಎಂದು ಯಾರಾದರೂ ಆಗ ಅವರಿಗೆ ಹೇಳಿದ್ದರೆ ಜಗಳವೇ ಆಗುತ್ತಿತ್ತು.

ಮನೆಯೊಳಗಿನ ಅಡ್ಡಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಕನ್ನಡದ ಮನೆಗಳಲ್ಲಿ ಮಗುವಿಗೆ ಹನ್ನೊಂದನೆಯ ದಿನವೋ ಮೂರನೆಯ ತಿಂಗಳೋ ಪುರೋಹಿತರು ನಕ್ಷತ್ರ ನೋಡಿ ಒಂದು ಹೆಸರು ಇಡುತ್ತಾರೆ. ಆ ಹೊತ್ತಿಗಾಗಲೇ ಅಜ್ಜಿ ಇಟ್ಟ ಹೆಸರು ಚಾಲ್ತಿಗೆ ಬಂದು ಹಳೆಯದಾಗಿರುತ್ತದೆ: ಪುಟ್ಟ, ಗುಂಡ, ಚಿನ್ನು, ಪಾಪು. ಪುಟ್ಟ ಎಂಬ ಪದಕ್ಕಂತೂ ಕನ್ನಡದಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಕುಪ್ಪಳಿಯ ಪುಟ್ಟಪ್ಪ. ಅವರಷ್ಟು ದೊಡ್ಡವರಿಗೂ 'ಸಣ್ಣಪ್ಪ' ಎನ್ನುವ ಅರ್ಥದ ಹೆಸರೇ ಸಾಕಾಯಿತು. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ 1915ರಲ್ಲಿ ಹುಟ್ಟಿದರು, ನೂರು ತುಂಬಿಸಿ 2015ರಲ್ಲಿ ತೀರಿಕೊಂಡರು. ತುಳುವಿನಲ್ಲಿ ಕಿಞ್ಞ ಅಂದರೆ ಚಿಕ್ಕದು. ನೂರು ವರ್ಷ ಬದುಕಿದವರು ಕೊನೆಯವರೆಗೂ 'ಚಿಕ್ಕಣ್ಣ'ನಾಗಿಯೇ ಉಳಿದರು.

ಸಿನಿಮಾದವರಲ್ಲಿ ಸೀತಾರಾಮ ಶರ್ಮ ಎಂಬ ಕಣಗಾಲಿನ ಹುಡುಗನ ಹೆಸರು ಯಾರಿಗೂ ನೆನಪಿಲ್ಲ, ಪುಟ್ಟಣ್ಣ ಎಂದರೆ ಎಲ್ಲರಿಗೂ ಗೊತ್ತು. ಈ ಪುಟ್ಟಣ್ಣನೇ 1972ರ 'ನಾಗರಹಾವು' ಚಿತ್ರಕ್ಕೆ ಸಂಪತ್‌ಕುಮಾರ್ ಎಂಬ ತರುಣನನ್ನು ಕರೆತಂದು ವಿಷ್ಣುವರ್ಧನ ಎಂದು ಹೊಸದಾಗಿ ನಾಮಕರಣ ಮಾಡಿದ್ದು. ತಾನು ಮನೆಯ ಹೆಸರಿನಲ್ಲೇ ಇದ್ದುಕೊಂಡು ಪರರಿಗೆ ರಾಜರ ಹೆಸರು ಹಂಚಿದವರು. ಅದೇ ಚಿತ್ರದಲ್ಲಿ ಕಾಲಿಟ್ಟ ಇನ್ನೊಬ್ಬ ಹುಡುಗ ಅಮರನಾಥ. ಆತ ಅಂಬರೀಷನಾದ, ಊರಿಗೆಲ್ಲ 'ಅಂಬಿ'ಯಾದ. ಪುನೀತ್ ರಾಜ್‌ಕುಮಾರ್ ಹುಟ್ಟಿದಾಗ ಲೋಹಿತ್. ಆಮೇಲೆ ಪುನೀತ್. ಈ ಎರಡು ಹೆಸರುಗಳ ಅಡಿಯಲ್ಲಿ ಅಲುಗದೆ ಕೂತದ್ದು 'ಅಪ್ಪು'. 2002ರಲ್ಲಿ ಅವರು ನಾಯಕರಾದ ಮೊದಲ ಚಿತ್ರಕ್ಕೆ ಆ ಮನೆಯ ಹೆಸರನ್ನೇ ಇಟ್ಟರು. ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಇವತ್ತಿಗೂ ಇರುವುದು ಅದೇ.

ಅಂಬರೀಷರ ತಂದೆಯ ಹೆಸರು ಹುಚ್ಚೇಗೌಡ. ಇವತ್ತಿನ ಮಕ್ಕಳಿಗೆ ಇದು ನಗೆ. ಹಳೇ ಮೈಸೂರಿನ ಕಡೆ ಇಂಥ ಹೆಸರು ಇಡುವುದಕ್ಕೆ ಬಲವಾದ ಕಾರಣವಿತ್ತು. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಹೋಗುತ್ತಿದ್ದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಒಮ್ಮೆ ಉರುಳಿಸಿ ತಿಪ್ಪ ಎಂದರು, ಕಲ್ಲ ಎಂದರು, ಗುಂಡ ಎಂದರು, ಹುಚ್ಚ ಎಂದರು. ಯಮನಿಗೂ ಒಂದು ಅಂತಸ್ತಿದೆ, ಇಂಥದ್ದನ್ನು ಎತ್ತಿಕೊಂಡು ಹೋಗಲು ನಾಚಿಕೊಳ್ಳುತ್ತಾನೆ ಎಂಬ ಲೆಕ್ಕ. ತಿಪ್ಪೇಸ್ವಾಮಿ ದೇವರ ಹರಕೆಯಿಂದ ಬಂದ ತಿಪ್ಪಣ್ಣಗಳೂ ಬೇಕಾದಷ್ಟಿದ್ದಾರೆ. ದೇವರು ಯಾವುದು, ಉಪಾಯ ಯಾವುದು ಎಂದು ಬಿಡಿಸುವುದು ಕಷ್ಟ. ಹೆಣ್ಣುಮಕ್ಕಳ ಸಾಲು ಉದ್ದವಾದ ಮನೆಯಲ್ಲಿ ಕೊನೆಯವಳಿಗೆ 'ಸಾಕಮ್ಮ' ಎಂದು ಇಡುತ್ತಿದ್ದುದೂ ಉಂಟು. ದೇವರಿಗೆ ಬರೆದ ಮನವಿಪತ್ರವನ್ನು ಮಗಳ ಕೈಯಲ್ಲೇ ಹಿಡಿಸಿದಂತೆ. ಸಾಕಿದವಳು ಸಾಕಮ್ಮ ಎಂಬ ಅರ್ಥವೂ ಇದೆ ಅನ್ನಿ.

ಬೆಂಗಳೂರು ಮರೆಯದ ಸಾಕಮ್ಮ ಒಬ್ಬರಿದ್ದರು. ಚಿಕ್ಕ ವಯಸ್ಸಿಗೇ ವಿಧವೆಯಾದವರು, ಕಳೆದ ಶತಮಾನದ ಮೊದಲರ್ಧದಲ್ಲಿ ಈ ಊರಿಗೆ ಬಂದು ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರಿ ಉದ್ಯಮ ಕಟ್ಟಿದರು, ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯೆಯೂ ಆದರು. ಜನ ಅವರನ್ನು ಕರೆದದ್ದು 'ಕಾಫಿಪುಡಿ ಸಾಕಮ್ಮ'. ಇದರಲ್ಲಿ ಅಗೌರವದ ಸುಳಿವೂ ಇಲ್ಲ. ಧಾರವಾಡದಲ್ಲಿ ಹುಟ್ಟಿದ್ದರೆ ಅವರ ಮೊಮ್ಮಕ್ಕಳ ಆಧಾರ್ ಕಾರ್ಡಿನಲ್ಲಿ ಇಷ್ಟು ಹೊತ್ತಿಗೆ 'ಕಾಫಿಪುಡಿ' ಎಂದಿರುತ್ತಿತ್ತು.

ಕಸುಬಿನಿಂದ ಹೆಸರು ಬರುವುದು ನಿಂತಿಲ್ಲ, ಕಸುಬುಗಳು ಬದಲಾಗಿವೆ ಅಷ್ಟೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ನಾಟಕಕ್ಕೆ ಬಂದವರು ಬ್ಯಾಂಕ್ ಜನಾರ್ದನ್. ಬುಲೆಟ್ ಬೈಕಿನ ಮೇಲೆ ಓಡಾಡಿದವರು ಬುಲೆಟ್ ಪ್ರಕಾಶ್. 2007ರ 'ದುನಿಯಾ' ಒಂದೇ ಚಿತ್ರ ಇಬ್ಬರಿಗೆ ಮನೆತನದ ಹೆಸರು ಕೊಟ್ಟಿತು: ದುನಿಯಾ ವಿಜಯ್, ಲೂಸ್ ಮಾದ ಯೋಗಿ. ಎಲ್ಲರಿಗಿಂತ ಮೇಲಿನ ಪದವಿ ಗಿಟ್ಟಿಸಿದವರು ಎಚ್.ಎನ್. ಚಂದ್ರಶೇಖರ್. 1980ರಲ್ಲಿ ರಂಗಕ್ಕೆ ಬಂದ 'ಮುಖ್ಯಮಂತ್ರಿ' ನಾಟಕದ ಮುಖ್ಯಪಾತ್ರ ಅವರ ಮೈಗೆ ಎಷ್ಟು ಅಂಟಿತೆಂದರೆ ಅಂದಿನಿಂದ ಅವರು ಮುಖ್ಯಮಂತ್ರಿ ಚಂದ್ರು. 1985ರಲ್ಲಿ ಗೌರಿಬಿದನೂರಿನಿಂದ ಗೆದ್ದು ನಿಜವಾಗಿಯೂ ವಿಧಾನಸಭೆಗೆ ಹೋದರು. ಆ ಸದನದಲ್ಲಿ ಮುಖ್ಯಮಂತ್ರಿಗಳು ಇಬ್ಬರು: ರಾಮಕೃಷ್ಣ ಹೆಗಡೆಯವರ ಕುರ್ಚಿ ಹೋಗುವಂಥದ್ದು, ಚಂದ್ರು ಅವರದು ಹೋಗದಂಥದ್ದು. 1988ರಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಚಂದ್ರು ಇನ್ನೂ ಮುಖ್ಯಮಂತ್ರಿಯೇ.

ಕೊಡಗಿನಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಮನುಷ್ಯ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೊಡವ ಹಾಕಿ ಉತ್ಸವದಲ್ಲಿ ಆಡುವುದು ಮನೆತನಗಳೇ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡ. ಅಂಥ ಕೋದಂಡೇರ ಮನೆಯ ಮಾದಪ್ಪನವರ ಮಗ ಕಾರ್ಯಪ್ಪ ಮನೆಯವರಿಗೆ 'ಚಿಮ್ಮ'. ಸೇನೆಗೆ ಸೇರಿದ ಮೇಲೆ ಫತೇಗಢದಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಂಡತಿಗೆ ಕಾರ್ಯಪ್ಪ ಎನ್ನಲು ನಾಲಗೆ ತಿರುಗಲಿಲ್ಲ, 'ಕಿಪ್ಪರ್' ಎಂದಳು. ಕಿಪ್ಪರ್ ಅಂದರೆ ಅವರ ಕಡೆ ಬೆಳಗಿನ ತಿಂಡಿಗೆ ತಿನ್ನುವ, ಹೊಗೆಯಲ್ಲಿ ಒಣಗಿಸಿದ ಮೀನು. ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ, ಮುಂದೆ ಫೀಲ್ಡ್ ಮಾರ್ಷಲ್, ಸೇನೆಯ ಹಿರಿಯರ ನಡುವೆ ಬದುಕಿಡೀ ಮೀನಾಗಿಯೇ ಉಳಿದರು. ಅವರಿಗಿಂತ ರಾಹುಲ್ ದ್ರಾವಿಡ್ ಅದೃಷ್ಟವಂತರು. ಅಪ್ಪನಿಗೆ ಕಿಸಾನ್ ಜಾಮ್ ಕಂಪನಿಯಲ್ಲಿ ಕೆಲಸ, ಮಗನಿಗೆ 'ಜಾಮಿ' ಎಂಬ ಹೆಸರು. ಅಪ್ಪ ಉಪ್ಪಿನಕಾಯಿ ಕಾರ್ಖಾನೆಯಲ್ಲಿದ್ದಿದ್ದರೆ ಏನಾಗುತ್ತಿತ್ತೋ.

ಭೂಮಿಯ ಆಚೆ ಬದಿಯ ಮೆಕ್ಸಿಕೊದವರಿಗೆ ನಮ್ಮ ಹಳ್ಳಿಕಟ್ಟೆಯಲ್ಲಿ ಒಂದು ದಿನ ಕೂತರೆ ಹೊಸದೇನೂ ಅನಿಸಲಿಕ್ಕಿಲ್ಲ. ಅಲ್ಲಿ ದಡಿಯ 'ಗೋರ್ದೊ', ಕಡ್ಡಿ 'ಫ್ಲಾಕೊ', ಕುಳ್ಳ 'ಚಪಾರ್ರೊ'. ಮುಖದ ಮೇಲೆಯೇ ಕರೆಯುತ್ತಾರೆ, ಪ್ರೀತಿಯಿಂದಲೇ. ಪ್ರತಿ ಫ್ರಾನ್ಸಿಸ್ಕೊ ಪಾಂಚೊ ಆಗುತ್ತಾನೆ, ಪ್ರತಿ ಗ್ವಾದಲೂಪೆ ಲೂಪೆ ಆಗುತ್ತಾಳೆ, ವೆಂಕಟೇಶಗಳೆಲ್ಲ ವೆಂಕಿ ಆದ ಹಾಗೆ. ಕ್ರಾಂತಿಕಾರಿ ಪಾಂಚೊ ವಿಯ್ಯಾ ಹುಟ್ಟಿದಾಗ ದೊರೊತೆಯೊ ಅರಾಂಗೊ. ಅಲ್ಲಿನ ಫುಟ್‌ಬಾಲ್ ಆಟಗಾರ ಹಾವಿಯೆರ್ ಎರ್ನಾಂದೆಸ್‌ಗೆ ಹಸಿರು ಕಣ್ಣು, ಹಾಗಾಗಿ 'ಚೀಚಾರೊ', ಅಂದರೆ ಬಟಾಣಿ. ಅವನ ಮಗನೂ ಆಟಗಾರನಾದ, ಹೆಸರೂ ಅದೇ. ಹಾಗಾಗಿ 'ಚಿಚಾರಿತೊ', ಅಂದರೆ ಪುಟ್ಟ ಬಟಾಣಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಂಗಿಯ ಬೆನ್ನ ಮೇಲೆ ಅವನು ಹಾಕಿಸಿಕೊಂಡದ್ದೂ ಆ ಹೆಸರನ್ನೇ. ಇನ್ನೊಂದು ತಲೆಮಾರು ಕಳೆದರೆ ಅದೂ ಒಂದು ಮನೆತನ: ಬಟಾಣಿಯವರು.

ಮೆಕ್ಸಿಕೊದ ಅಡ್ಡಹೆಸರೊಂದು ಬೆಂಗಳೂರಿನ ಕೆಫೆಗಳಿಗೂ ಬಂದಿದೆ, ಚೀಸಿನ ಸಮೇತ. 1943ರಲ್ಲಿ ಪಿಯೆದ್ರಾಸ್ ನೆಗ್ರಾಸ್ ಎಂಬ ಗಡಿಯೂರಿನ ಹೋಟೆಲಿಗೆ ಅಮೆರಿಕದ ಸೈನಿಕರ ಹೆಂಡತಿಯರು ಹೊತ್ತಲ್ಲದ ಹೊತ್ತಿನಲ್ಲಿ ಬಂದರು. ಅಡುಗೆಯವನು ಇರಲಿಲ್ಲ. ಇಗ್ನಾಸಿಯೊ ಅನಾಯಾ ಎಂಬುವನು ಇದ್ದಬದ್ದ ಮೆಕ್ಕೆಜೋಳದ ರೊಟ್ಟಿಯ ತುಂಡುಗಳನ್ನು ಕರಿದು, ಮೇಲೆ ಚೀಸು ಕರಗಿಸಿ, ಮೆಣಸಿನಕಾಯಿ ಹೋಳು ಇಟ್ಟುಕೊಟ್ಟ. ಇಗ್ನಾಸಿಯೊಗಳನ್ನೆಲ್ಲ ಅಲ್ಲಿ 'ನಾಚೊ' ಎನ್ನುತ್ತಾರೆ. ತಿಂಡಿ ನಾಚೋಸ್ ಆಯಿತು. ಮೇಲಿನ ಮಹಡಿಯ ಮಗಳು ಇದನ್ನು ತರಿಸಿದ ದಿನ ಅಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಖಡಕ್ ರೊಟ್ಟಿ ಮುರುದು ಇಟ್ಟಾರ, ಅಷ್ಟಕ್ಕ ಮುನ್ನೂರು ರೂಪಾಯಿ!" ಅಂದರು. ಆಹಾರ ವಿಮರ್ಶೆಯಲ್ಲಿ ಇದಕ್ಕಿಂತ ನ್ಯಾಯವಾದ ಮಾತು ಬಂದಿಲ್ಲ.

ನಮ್ಮಲ್ಲಿ ಅಡ್ಡಹೆಸರು ಕಲ್ಲಾಗಿ ನಿಂತ ಉದಾಹರಣೆಯೂ ಇದೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತವನು ಬಾಹುಬಲಿ. ಅವನಿಗೆ ಗೊಮ್ಮಟ ಎಂಬ ಹೆಸರು ಎಲ್ಲಿಂದ ಬಂತು? ವಿದ್ವಾಂಸ ಎ.ಎನ್. ಉಪಾಧ್ಯೆಯವರ ಉತ್ತರ ಇದು: ಮೂರ್ತಿಯನ್ನು ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯನಿಗೆ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಗೊಮ್ಮಟ, ಅವನ ದೇವರು ಗೊಮ್ಮಟೇಶ್ವರ. ಗುರು ನೇಮಿಚಂದ್ರರು ಅವನಿಗಾಗಿ ಬರೆದ ಗ್ರಂಥಕ್ಕೂ 'ಗೊಮ್ಮಟಸಾರ' ಎಂದೇ ಹೆಸರು. ಈ ವಾದವನ್ನು ಒಪ್ಪಿದರೆ, ಯಾವುದೋ ತಾಯಿ ಹತ್ತನೆಯ ಶತಮಾನದಲ್ಲಿ ಊಟಕ್ಕೆ ಕರೆದ ಕೂಗು 57 ಅಡಿ ಎತ್ತರ ಬೆಳೆದು ನಿಂತಿದೆ. ಒಪ್ಪದಿರುವವರೂ ಇದ್ದಾರೆ. ಈ ಬರಹಕ್ಕೆ ಒಪ್ಪುವುದೇ ಅನುಕೂಲ.

ಇನ್ನು ಆರ್.ಟಿ. ನಗರ. ಅದೂ ಎರಡು ಇನಿಷಿಯಲ್ಲಿನ ಮೇಲೆ ಬದುಕುತ್ತಿರುವ ಬಡಾವಣೆಯೇ. ಬಿಡಿಸಿದರೆ ರವೀಂದ್ರನಾಥ ಟ್ಯಾಗೋರ್ ನಗರ. ಬಿಡಿಸುವಷ್ಟು ಪುರುಸೊತ್ತು ಬಸ್ ಕಂಡಕ್ಟರಿಗಿಲ್ಲ, 'ಆರ್ಟೀನಗ್ರ' ಸಾಕು. ಕೆಳಮನೆಯ ಮಾಲೀಕರಿಗೆ ಈ ಹೆಸರಿನ ಬಗ್ಗೆ ಅಭಿಮಾನ. "ಕವೀಂದ್ರರ ಹೆಸರಿನ ಏರಿಯಾ ನಮ್ಮದು" ಎಂದು ಹೊಸ ಬಾಡಿಗೆದಾರರಿಗೆಲ್ಲ ಹೇಳುತ್ತಾರೆ. ಆದರೆ ಕವೀಂದ್ರರ ಮನೆತನದ ನಿಜವಾದ ಹೆಸರು ಕುಶಾರಿ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಪಂಚಾನನ ಕುಶಾರಿ ಎಂಬ ಪೂರ್ವಜ ಜೆಸ್ಸೋರ್ ಕಡೆಯಿಂದ ಹೊರಟು ಈಗಿನ ಕೋಲ್ಕತ್ತದ ಗೋವಿಂದಪುರದಲ್ಲಿ ನೆಲೆಸಿದ, ಹಡಗುಗಳಿಗೆ ಸಾಮಾನು ಒದಗಿಸುವ ಕೆಲಸ ಹಿಡಿದ. ಸುತ್ತ ಇದ್ದವರು ಬೆಸ್ತರು. ಬ್ರಾಹ್ಮಣನೊಬ್ಬ ತಮ್ಮ ನಡುವೆ ಬಂದನಲ್ಲ ಎಂದು ಅವನನ್ನು 'ಠಾಕೂರ್' ಎಂದರು, ನಾವು 'ಸ್ವಾಮ್ಯಾರು' ಅನ್ನುವ ಹಾಗೆ. ಹಡಗಿನ ಇಂಗ್ಲಿಷರು ಅದನ್ನೇ ಅವನ ಹೆಸರು ಅಂದುಕೊಂಡರು. ಅವರ ನಾಲಗೆಯಲ್ಲಿ ಅದು ಟ್ಯಾಗೋರ್ ಆಯಿತು.

ಅಂದರೆ ಆರ್.ಟಿ.ಯ 'ಟಿ' ಅನ್ನುವುದು ಬೆಸ್ತರು ಇಟ್ಟ ಅಡ್ಡಹೆಸರು. ಬೆಂಗಳೂರಿನ ಅರ್ಥದಲ್ಲಿ ಶುರುವಾಗಿ ಹುಬ್ಬಳ್ಳಿಯ ಅರ್ಥಕ್ಕೆ ತಿರುಗಿದ್ದು. ಬಂಗಾಳದವರು ಈ ವಿಷಯದಲ್ಲಿ ನಮಗಿಂತ ವ್ಯವಸ್ಥಿತರು. ಶಾಲೆಗೊಂದು 'ಭಾಲೊ ನಾಮ್', ಮನೆಗೊಂದು 'ಡಾಕ್ ನಾಮ್' ಎಂದು ಎರಡು ಹೆಸರು ಹುಟ್ಟಿನಿಂದಲೇ ಕಡ್ಡಾಯ. ನೊಬೆಲ್ ಬಂದ ಮೇಲೂ ರವೀಂದ್ರರು ಮನೆಯವರಿಗೆ ರಬಿಯೇ.

ಕೆಳಮನೆಯ ಮಾಲೀಕರಿಗೆ ಇದನ್ನೆಲ್ಲ ವಿವರಿಸಿದವರು ಯಾರೂ ಇಲ್ಲ. ಜಗಳವೇನೋ ಅವತ್ತೇ ಮುಗಿಯಿತು. ಮೇಲಿನ ಮನೆಯ ಗೃಹಿಣಿ ಶೇಂಗಾ ಚಟ್ನಿಯ ಡಬ್ಬಿ ತಂದುಕೊಟ್ಟರು, ಮಾಲೀಕರ ಹೆಂಡತಿ ಕಾಫಿ ಕೊಟ್ಟರು, ಬಾಡಿಗೆದಾರರು ತಮ್ಮ ತರಕಾರಿಯ ಹೆಸರನ್ನು ಸ್ಪಷ್ಟ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಮಾಲೀಕರು ಅದನ್ನು ಎರಡು ಸಲ ಓದಿದರು, ಏನೂ ಅನ್ನಲಿಲ್ಲ. ಸಂಜೆ ಹೆಂಡತಿಗೆ ಹೇಳಿ ನಕ್ಕರು ಎಂದು ಗೋಡೆಗಳು ಹೇಳುತ್ತವೆ.

ಆಮೇಲೆ 2024ರ ಬೇಸಿಗೆ ಬಂತು. ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಗಂಟಲು ಕಟ್ಟಿಕೊಂಡವು, ಟ್ಯಾಂಕರ್ ನೀರಿಗೆ ಸರಕಾರವೇ ದರ ಕಟ್ಟಬೇಕಾಯಿತು. ಮಾಲೀಕರು ಬೆಳಗಿನ ಐದಕ್ಕೆ ಮಫ್ಲರು ಸುತ್ತಿಕೊಂಡು ಗೇಟಿನ ಹೊರಗೆ ನಿಲ್ಲುತ್ತಿದ್ದರು. ಯಾವ ಮನೆಗೆ ಬಂದ ಟ್ಯಾಂಕರೇ ಆಗಲಿ, ಅಡ್ಡಗಟ್ಟಿ ನಿಲ್ಲಿಸುವುದು, ಮೇಲಿನ ಮುಚ್ಚಳ ತೆಗೆಸುವುದು, ಪರದೆ ಕಟ್ಟುವ ಕೋಲನ್ನು ಒಳಗೆ ಇಳಿಬಿಟ್ಟು ನೀರು ಎಲ್ಲಿಯವರೆಗಿದೆ ಎಂದು ಅಳೆದು ಚಾಲಕನಿಗೆ ಛೀಮಾರಿ ಹಾಕುವುದು. ಬೀದಿಗೆ ಇದರಿಂದ ಉಪಕಾರವೇ ಆಯಿತು, ಒಪ್ಪಬೇಕು. ಮೇಲಿನ ಮನೆಯ ಮಗಳು ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ಇದನ್ನು ಮೂರು ದಿನ ನೋಡಿದಳು, ನಾಲ್ಕನೆಯ ದಿನ ಹೆಸರು ಇಟ್ಟಳು. ಒಂದು ವಾರದಲ್ಲಿ ಅದು ಅಡ್ಡರಸ್ತೆ ದಾಟಿ ಮುಖ್ಯರಸ್ತೆಯ ಬೇಕರಿಯವರೆಗೆ ಹೋಯಿತು.

ಈಗ ಪಾರ್ಸೆಲ್ ಹುಡುಗರು ಆ ಎರಡು ಇನಿಷಿಯಲ್ಲಿನ ಹೆಸರು ಹಿಡಿದು ಬೀದಿಯ ತುದಿಯಲ್ಲಿ ವಿಚಾರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಮನೆ ನಂಬರು, ಡಿಗ್ರಿ ಎಲ್ಲ ಓದಿ ಹೇಳಿದ ಮೇಲೆ ಕ್ರಿಕೆಟ್ ಆಡುವ ಮಕ್ಕಳಲ್ಲಿ ಒಬ್ಬ ಬ್ಯಾಟು ಎತ್ತಿ ತೋರಿಸುತ್ತಾನೆ: "ಓ, ಟ್ಯಾಂಕರ್ ತಾತನ ಮನೇನಾ? ಅದೋ, ಆ ಗೇಟು."

ಮಾಲೀಕರಿಗೆ ಇನ್ನೂ ಗೊತ್ತಾಗಿಲ್ಲ. ಕರಾರುಪತ್ರದಲ್ಲಿ 'ಮಾಲೀಕರ ಅಡ್ಡಹೆಸರು' ಎಂದು ಬಾಡಿಗೆದಾರರು ಬರೆದುಕೊಂಡಿದ್ದ ಜಾಗದಲ್ಲಿ ಅವರ ಕೈಯಿಂದಲೇ ಎಳೆದ ಒಂದು ಅಡ್ಡಗೆರೆ ಇದೆ.